ಸಾಲದಲ್ಲಿ ಮುಳುಗಿ ಎದ್ದ ಲೀಡ್ಸ್ ಯುನೈಟೆಡ್

ಸಾಲ ಮಾಡಿ ಅದ್ದೂರಿ ಮದುವೆ ಮಾಡಿದ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಚಪ್ಪರ ಬಿಚ್ಚಿದ ಮರುದಿನದಿಂದ ಆ ಮನೆಯ ಹೆಂಗಸರು ಹೇಗೆ ದಿನ ದೂಡುತ್ತಾರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಫುಟ್ಬಾಲ್ ಕ್ಲಬ್ಬಿನ ಚರಿತ್ರೆ ಓದುವಾಗ ನನಗೆ ಅಂತಹ ಮನೆಗಳೇ ನೆನಪಾದವು. ಆದ್ದರಿಂದ ಆಟದ ಸುದ್ದಿ ಗಂಡುಮಕ್ಕಳಿಗೆ ಎಂದು ಪುಟ ತಿರುಗಿಸುವ ಸಹೋದರಿಯರು ಸ್ವಲ್ಪ ನಿಲ್ಲಬೇಕು.

ಮೊದಲು ಒಂದು ವಿಷಯ ತಿಳಿದಿರಲಿ. ಇಂಗ್ಲೆಂಡಿನ ಫುಟ್ಬಾಲ್‌ನಲ್ಲಿ ಶಾಲೆಯ ತರಗತಿಗಳಂತೆ ದರ್ಜೆಗಳಿವೆ. ವರ್ಷದ ಕೊನೆಗೆ ಮುಂದಿದ್ದವರು ಮೇಲಿನ ದರ್ಜೆಗೆ ಏರುತ್ತಾರೆ, ಹಿಂದುಳಿದವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ. ನಾವು ಶಿಕ್ಷಕರು ಮಕ್ಕಳನ್ನು ಹೆಚ್ಚೆಂದರೆ ಅದೇ ತರಗತಿಯಲ್ಲಿ ಉಳಿಸುತ್ತೇವೆ, ಕೆಳಗೆ ಕಳುಹಿಸುವುದಿಲ್ಲ. ಅಲ್ಲಿ ಆ ದಾಕ್ಷಿಣ್ಯವಿಲ್ಲ. ಇಳಿದರೆ ಟಿ.ವಿ. ಹಣ, ಜಾಹೀರಾತು, ಒಳ್ಳೆಯ ಆಟಗಾರರು ಎಲ್ಲವೂ ಕೈತಪ್ಪುತ್ತವೆ.

ಈ ಕ್ಲಬ್ಬಿನ ಹುಟ್ಟೇ ಒಂದು ಹಣದ ಹಗರಣದಿಂದ ಆಯಿತು. ಅದಕ್ಕೆ ಮೊದಲು ಆ ನಗರದಲ್ಲಿ ಲೀಡ್ಸ್ ಸಿಟಿ ಎಂಬ ಕ್ಲಬ್ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟಿತೆಂಬ ಆರೋಪ ಬಂದಾಗ ಅದು ಲೆಕ್ಕಪತ್ರ ತೋರಿಸಲು ಒಪ್ಪಲಿಲ್ಲ. 1919ರಲ್ಲಿ ಅದನ್ನು ಲೀಗ್‌ನಿಂದ ಹೊರಹಾಕಲಾಯಿತು. ಆಟಗಾರರನ್ನು ಒಂದು ಹೋಟೆಲಿನಲ್ಲಿ ಹರಾಜು ಹಾಕಿದರು! ಅದೇ ವರ್ಷ ಊರಿನವರು ಸೇರಿ ಕಟ್ಟಿದ್ದೇ ಲೀಡ್ಸ್ ಯುನೈಟೆಡ್.

ನಾಲ್ಕು ದಶಕ ಏಳುಬೀಳುಗಳಲ್ಲಿ ಕಳೆದವು. 1961ರಲ್ಲಿ ಡಾನ್ ರೆವೀ ತರಬೇತುದಾರರಾದಾಗ ತಂಡ ಎರಡನೇ ದರ್ಜೆಯಲ್ಲಿತ್ತು, ಮೂರನೆಯದಕ್ಕೆ ಜಾರುವುದರಲ್ಲಿತ್ತು. ರೆವೀ ದುಬಾರಿ ಆಟಗಾರರ ಹಿಂದೆ ಹೋಗುವ ಬದಲು ಹೆಚ್ಚಾಗಿ ಎಳೆಯ ಹುಡುಗರನ್ನೇ ಬೆಳೆಸಿದರು. 1964ರಲ್ಲಿ ತಂಡ ಮೇಲೇರಿತು. 1969 ಮತ್ತು 1974ರಲ್ಲಿ ಇಡೀ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಅವರು ರಾಷ್ಟ್ರೀಯ ತಂಡಕ್ಕೆ ಹೋದ ಮೇಲೆ ಬಂದ ಬ್ರಯಾನ್ ಕ್ಲಫ್ ಉಳಿದದ್ದು ಕೇವಲ 44 ದಿನ. 1982ರಲ್ಲಿ ತಂಡ ಮತ್ತೆ ಕೆಳಗಿಳಿಯಿತು. 1990ರಲ್ಲಿ ಮೇಲೆ ಬಂದು, ಎರಡೇ ವರ್ಷಗಳಲ್ಲಿ ಮತ್ತೊಮ್ಮೆ ಚಾಂಪಿಯನ್ ಆಯಿತು.

ಇಷ್ಟು ಸೋಲು ಗೆಲುವು ಯಾವ ಆಟದಲ್ಲೂ ಇದ್ದದ್ದೇ. ನಾನು ಹೇಳಹೊರಟದ್ದು ಮುಂದಿನದು.

1997ರಲ್ಲಿ ಪೀಟರ್ ರಿಡ್ಸ್‌ಡೇಲ್ ಕ್ಲಬ್ಬಿನ ಅಧ್ಯಕ್ಷರಾದರು. ಯುವಕರ ತಂಡ ಚೆನ್ನಾಗಿ ಆಡುತ್ತಿತ್ತು. ಅದು ಸಾಲದೆಂದು ಒಬ್ಬರ ಮೇಲೊಬ್ಬರಂತೆ ಆಟಗಾರರನ್ನು ಕೊಂಡರು. 2000ದಲ್ಲಿ ರಿಯೊ ಫರ್ಡಿನಾಂಡ್ ಒಬ್ಬರಿಗೇ 1 ಕೋಟಿ 80 ಲಕ್ಷ ಪೌಂಡ್ ಕೊಟ್ಟರು. 2001ರಲ್ಲಿ ತಂಡ ಯುರೋಪಿನ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗೆ ತಲುಪಿದಾಗ ಎಲ್ಲವೂ ಸರಿಯಾಗಿಯೇ ಇದೆ ಎಂದು ತೋರಿತು. ಅದೇ ವರ್ಷ ಕ್ಲಬ್ ಪಡೆದ ಸಾಲ 6 ಕೋಟಿ ಪೌಂಡ್. ಅಡವಿಟ್ಟದ್ದು ಏನನ್ನು ಗೊತ್ತೇ? ಮುಂದಿನ ವರ್ಷಗಳಲ್ಲಿ ಪ್ರೇಕ್ಷಕರು ಕೊಳ್ಳಲಿರುವ ಟಿಕೆಟಿನ ಹಣವನ್ನು. ಇನ್ನೂ ನಡೆಯದ ಪಂದ್ಯಗಳ, ಇನ್ನೂ ಮಾರಾಟವಾಗದ ಟಿಕೆಟುಗಳ ಹಣ!

ತಂಡ ಪ್ರತಿವರ್ಷ ಚಾಂಪಿಯನ್ಸ್ ಲೀಗ್ ಆಡುತ್ತದೆ, ಆ ಆದಾಯದಿಂದ ಸಾಲ ತೀರುತ್ತದೆ ಎಂಬುದು ಲೆಕ್ಕಾಚಾರ. ಆದರೆ 2001ರ ಲೀಗ್‌ನಲ್ಲಿ ತಂಡ ನಾಲ್ಕನೆಯದಾಯಿತು. ಅರ್ಹತೆ ಇದ್ದದ್ದು ಮೊದಲ ಮೂವರಿಗೆ. ತಪ್ಪಿದ್ದು ಒಂದೇ ಒಂದು ಅಂಕದಿಂದ. ಮರುವರ್ಷ ಐದನೇ ಸ್ಥಾನ. ಆಗ ಆಟಗಾರರನ್ನು ಮಾರುವ ಸರದಿ ಬಂತು. ಮಾರಿದಷ್ಟೂ ತಂಡ ಬಡವಾಯಿತು, ಸಾಲ ಮಾತ್ರ ಬಡವಾಗಲಿಲ್ಲ.

ರಿಡ್ಸ್‌ಡೇಲ್ 2003ರಲ್ಲಿ ಹೊರನಡೆದ ಮೇಲೆ, ಕಚೇರಿಯ ಚಿನ್ನದ ಮೀನುಗಳಿಗೆ ತಿಂಗಳಿಗೆ 20 ಪೌಂಡ್ ಬಾಡಿಗೆ ಕೊಡಲಾಗುತ್ತಿತ್ತೆಂಬ ಸುದ್ದಿ ಹೊರಬಿತ್ತು. ಇಡೀ ದೇಶ ನಕ್ಕಿತು. ನನಗೆ ಆ ನಗು ಅಷ್ಟು ಸರಿಯೆನಿಸುವುದಿಲ್ಲ. ಮೀನಿನ ಬಾಡಿಗೆಯಿಂದ ಯಾವ ಕ್ಲಬ್ಬೂ ಮುಳುಗುವುದಿಲ್ಲ. ಕೋಟಿಗಳ ಸಾಲಪತ್ರಕ್ಕೆ ಸಹಿ ಹಾಕುವಾಗ ಸುಮ್ಮನಿದ್ದವರಿಗೆ ಮೀನು ಒಳ್ಳೆಯ ಮರೆಯಾಯಿತು, ಅಷ್ಟೇ.

2004ರಲ್ಲಿ ತಂಡ ಕೆಳಗಿಳಿಯಿತು. ತರಬೇತಿ ಮೈದಾನವನ್ನು ಮಾರಿದರು. ನಂತರ 1919ರಿಂದ ಆಡುತ್ತಿದ್ದ ಎಲ್ಲಂಡ್ ರೋಡ್ ಕ್ರೀಡಾಂಗಣವನ್ನೂ ಮಾರಿ, ಸ್ವಂತ ಮನೆಯಲ್ಲೇ ಬಾಡಿಗೆಗೆ ಕುಳಿತರು. 2007ರಲ್ಲಿ ಕ್ಲಬ್ ದಿವಾಳಿಯ ಪ್ರಕ್ರಿಯೆಗೆ ಒಳಗಾಯಿತು, ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಮೂರನೇ ದರ್ಜೆಗೆ ಬಿತ್ತು.

ಆಗ ಸಾಲಗಾರರ ಪಟ್ಟಿ ಹೊರಬಂತು. ಫುಟ್ಬಾಲ್ ನಿಯಮದಂತೆ ಆಟಗಾರರಿಗೆ ಮತ್ತು ಇತರ ಕ್ಲಬ್ಬುಗಳಿಗೆ ಪೂರ್ತಿ ಹಣ ಸಲ್ಲಬೇಕು. ಉಳಿದವರಿಗೆ ಮೊದಲು ಮುಂದಿಟ್ಟ ಕೊಡುಗೆ, ಒಂದು ಪೌಂಡಿಗೆ ಒಂದು ಪೆನ್ನಿ! ಸರಕಾರದ ತೆರಿಗೆ ಇಲಾಖೆ ಆ ಉಳಿದವರಲ್ಲಿತ್ತು. ಪಂದ್ಯಗಳಲ್ಲಿ ಪ್ರಥಮ ಚಿಕಿತ್ಸೆ ನೀಡುವ ಸೇಂಟ್ ಜಾನ್ ಆಂಬುಲೆನ್ಸ್ ಎಂಬ ಸೇವಾ ಸಂಸ್ಥೆಯೂ ಅದೇ ಸಾಲಿನಲ್ಲಿತ್ತು. ಸಾಲದ ಹಣದಲ್ಲಿ ಸಂಬಳ ಪಡೆದವರು ಅಷ್ಟರಲ್ಲಿ ಬೇರೆ ಕ್ಲಬ್ಬುಗಳಲ್ಲಿ ಆಡುತ್ತಿದ್ದರು.

ಹೊಸ ಋತುವನ್ನು ತಂಡ 15 ಅಂಕಗಳ ದಂಡದೊಂದಿಗೆ ಆರಂಭಿಸಬೇಕಾಯಿತು. ಸೊನ್ನೆಯಿಂದಲ್ಲ, ಸೊನ್ನೆಗಿಂತಲೂ ಕೆಳಗಿನಿಂದ. ಆದರೆ ಜನ ಕೈಬಿಡಲಿಲ್ಲ. ಮೂರನೇ ದರ್ಜೆಯ ಆಟಕ್ಕೂ ಸರಾಸರಿ 26 ಸಾವಿರಕ್ಕಿಂತ ಹೆಚ್ಚು ಮಂದಿ ಬಂದರು. ಮೊದಲ ಏಳು ಪಂದ್ಯಗಳನ್ನೂ ತಂಡ ಗೆದ್ದಿತು. ಆ ದಂಡವಿಲ್ಲದಿದ್ದರೆ ಅದೇ ವರ್ಷ ಮೇಲೇರುತ್ತಿತ್ತು. ಕೊನೆಗೆ ಏರಿದ್ದು 2010ರಲ್ಲಿ, ಅದೂ ಎರಡನೇ ದರ್ಜೆಗೆ ಮಾತ್ರ.

2017ರಲ್ಲಿ ಹೊಸ ಮಾಲೀಕರು ಎಲ್ಲಂಡ್ ರೋಡನ್ನು ಮರಳಿ ಕೊಂಡರು. ಮರುವರ್ಷ ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ತರಬೇತುದಾರರಾಗಿ ಬಂದರು. ಒಬ್ಬ ಸಾಮಾನ್ಯ ಅಭಿಮಾನಿ ಒಂದು ಟಿಕೆಟ್ ಕೊಳ್ಳಲು ಎಷ್ಟು ಹೊತ್ತು ದುಡಿಯಬೇಕೆಂದು ಅವರು ವಿಚಾರಿಸಿದರಂತೆ. ಸುಮಾರು ಮೂರು ಗಂಟೆ ಎಂಬ ಉತ್ತರ ಬಂತು. ಅವರು ಆಟಗಾರರನ್ನು ಕರೆದು ಮೂರು ಗಂಟೆ ತರಬೇತಿ ಮೈದಾನದ ಸುತ್ತಲಿನ ಕಸ ಹೆಕ್ಕಿಸಿದರು ಎಂದು ಪತ್ರಿಕೆಗಳು ಬರೆದವು. ಪಾಠ ಹೇಳುವ ಕೆಲಸದಲ್ಲಿರುವ ನನಗೆ ಈ ಪಾಠದ ಮೇಲೆ ಸ್ವಲ್ಪ ಅಸೂಯೆಯೇ ಆಯಿತು.

2020ರ ಜುಲೈಯಲ್ಲಿ, 16 ವರ್ಷಗಳ ನಂತರ, ಲೀಡ್ಸ್ ಮೊದಲ ದರ್ಜೆಗೆ ಮರಳಿತು. ಕೊರೋನಾ ಕಾಲವಾದ್ದರಿಂದ ಕ್ರೀಡಾಂಗಣ ಖಾಲಿ. ಮೂರನೇ ದರ್ಜೆಯಲ್ಲೂ ಜೊತೆಗಿದ್ದವರು ಗೇಟಿನ ಹೊರಗೆ ನಿಂತು ಸಂಭ್ರಮಪಟ್ಟರು. 2023ರಲ್ಲಿ ತಂಡ ಪುನಃ ಇಳಿಯಿತು, 2025ರಲ್ಲಿ 100 ಅಂಕ ಗಳಿಸಿ ಪುನಃ ಏರಿತು. ಆ ಮೇ ತಿಂಗಳಲ್ಲಿ ಆಟಗಾರರನ್ನು ತೆರೆದ ಬಸ್ಸಿನಲ್ಲಿ ನಗರದ ಬೀದಿಗಳಲ್ಲಿ ಕರೆದೊಯ್ದರು. ಐದು ವರ್ಷಗಳ ಹಿಂದೆ ನಡೆಯದೆ ಉಳಿದಿದ್ದ ಮೆರವಣಿಗೆಯನ್ನು ನೋಡಲು ಇಡೀ ಊರೇ ರಸ್ತೆಯ ಬದಿಯಲ್ಲಿ ನಿಂತಿತ್ತು.