ಪಂಖಾದಲ್ಲಿ ಅಡಗಿದ ಗೇರು

ಹುಮನಾಬಾದ್‌ನಿಂದ ಬಸವಕಲ್ಯಾಣದ ಕಡೆ ತೊಗರಿ ಚೀಲ ಹೇರಿಕೊಂಡು ಹೊರಟ ಲಾರಿಯನ್ನು ನೆನೆಸಿಕೊಳ್ಳಿ. ಏರು ಬಂದರೆ ಡ್ರೈವರ್ ಗೇರು ಇಳಿಸುತ್ತಾನೆ. ಎಂಜಿನ್ ಗುರುಗುಟ್ಟುತ್ತ ಜೋರಾಗಿ ತಿರುಗುತ್ತದೆ, ಗಾಡಿ ಮೆಲ್ಲಗೆ ಹತ್ತುತ್ತದೆ. ಸಪಾಟು ರಸ್ತೆ ಸಿಕ್ಕೊಡನೆ ಟಾಪ್ ಗೇರು. ಲಾರಿಗಳ ಊರಾದ ಬಸವಕಲ್ಯಾಣದಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಪುಟ್ಟ ವಿಮಾನದಲ್ಲಿ ಈ ಗೇರಿನ ಕೆಲಸ ಮಾಡುವುದು ಪ್ರೊಪೆಲ್ಲರ್ ಅಲಗುಗಳ ಓರೆ. ಅದರ ಹೆಸರು ಪಿಚ್.

ಸ್ಕ್ರೂ ಒಂದು ಸುತ್ತಿಗೆ ಇಷ್ಟು ಎಂದು ಮರದೊಳಗೆ ಇಳಿಯುತ್ತದಲ್ಲ, ಪ್ರೊಪೆಲ್ಲರೂ ಗಾಳಿಯನ್ನು ಹಾಗೆಯೇ ಕೊರೆಯುತ್ತದೆ. ಒಂದು ಸುತ್ತಿಗೆ 1.3 ಮೀಟರ್ ಮುಂದೆ ಸಾಗುವಷ್ಟು ಪಿಚ್ ಇದ್ದು, ನಿಮಿಷಕ್ಕೆ 2,300 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 180 ಕಿ.ಮೀ. ಗಾಳಿ ಮರದಷ್ಟು ಗಟ್ಟಿಯಲ್ಲ, ಜಾರುತ್ತದೆ. ನಿಜವಾದ ವೇಗ ಅದಕ್ಕಿಂತ ಕಡಿಮೆಯೇ. ಓರೆ ಕಡಿಮೆ ಇಟ್ಟರೆ ವಿಮಾನ ಬೇಗ ನೆಲ ಬಿಡುತ್ತದೆ, ಮೇಲೆ ಹೋದಮೇಲೆ ಎಂಜಿನ್ ಸುಮ್ಮನೆ ಕಿರುಚುತ್ತದೆ. ಹೆಚ್ಚು ಇಟ್ಟರೆ ಮೇಲೆ ಸುಖ, ರನ್‌ವೇಯಲ್ಲಿ ಒದ್ದಾಟ.

ಪ್ರೊಪೆಲ್ಲರ್ ವಿಮಾನ ನಮ್ಮ ಸೀಮೆಗೆ ಹೊಸದಲ್ಲ. ಬೀದರ್ ವಾಯುನೆಲೆಯಲ್ಲಿ ಒಂದು ಕಾಲಕ್ಕೆ ಹೊಸ ಪೈಲಟ್‌ಗಳು ಹಾರಲು ಕಲಿತದ್ದು ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿ-2 ವಿಮಾನದಲ್ಲಿ. 1951ರಲ್ಲಿ ಮೊದಲು ಹಾರಿದ, 155 ಅಶ್ವಶಕ್ತಿಯ ಎರಡು ಸೀಟಿನ ವಿಮಾನ ಅದು. ಈಗ ಅಲ್ಲಿ ಹಾರುವ ಹಾಕ್ ಜೆಟ್‌ಗಳಿಗೆ ಪ್ರೊಪೆಲ್ಲರೇ ಇಲ್ಲ.

ಇಂದಿನ ಹಗುರ ವಿಮಾನಗಳಲ್ಲಿ ಅನೇಕಕ್ಕೆ ಪಿಚ್ಚನ್ನು ನೆಲದ ಮೇಲೆಯೇ ಹೊಂದಿಸಬೇಕು. ಈ ಕೆಲಸ ನೋಡಲು ಚೆಂದ. ಮೆಕ್ಯಾನಿಕ್ ನಡುಗುಂಬದ (ಹಬ್) ಬೋಲ್ಟುಗಳನ್ನು ತುಸು ಸಡಿಲಿಸಿ, ಒಂದು ಅಲಗನ್ನು ಅಡ್ಡಕ್ಕೆ ನಿಲ್ಲಿಸುತ್ತಾನೆ. ತುದಿಯಿಂದ ಇಂತಿಷ್ಟು ದೂರದಲ್ಲಿ ಗುರುತು ಹಾಕಿ ಅಲ್ಲಿಯೇ ಕೋನಮಾಪಕ ಇಡುತ್ತಾನೆ, ಏಕೆಂದರೆ ಅಲಗು ಬುಡದಿಂದ ತುದಿಯವರೆಗೆ ತಿರುಚಿಕೊಂಡಿರುತ್ತದೆ. ಗುರುತು ತಪ್ಪಿದರೆ ಅಳತೆಯೂ ತಪ್ಪಿತು. ಒಂದೇ ಡಿಗ್ರಿ ಬದಲಾದರೂ ಎಂಜಿನ್ ವೇಗದಲ್ಲಿ ನೂರಾರು ಸುತ್ತುಗಳ ವ್ಯತ್ಯಾಸ. ಒಂದು ಅಲಗಿನ ಕೋನ ಉಳಿದವಕ್ಕೆ ಹೊಂದದಿದ್ದರೆ ವಿಮಾನವೆಲ್ಲ ನಡುಗುತ್ತದೆ. ಬೋಲ್ಟು ಬಿಗಿದು, ಎಂಜಿನ್ ಪೂರ್ತಿ ಓಡಿಸಿ ನೋಡಿ, ಮತ್ತೆ ಸಡಿಲಿಸಿ, ಮತ್ತೆ ಬಿಗಿದು... ಅವಸರದವರಿಗೆ ಒಗ್ಗುವ ಕೆಲಸವಲ್ಲ.

1993ರಲ್ಲಿ ಮೊದಲು ಹಾರಿದ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ (ಎನ್‌ಎಎಲ್) ‘ಹಂಸ’ ವಿಮಾನದ ಹಂಸ-3 ಮಾದರಿ ಈ ತಾಪತ್ರಯ ತಪ್ಪಿಸಿತು. ಸುತ್ತು ಹೆಚ್ಚಿದರೆ, ಅದನ್ನು ಹತೋಟಿಯಲ್ಲಿಡುವ ಗವರ್ನರ್ ಎಂಬ ಸಾಧನದ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಚಾಚುತ್ತವೆ, ಎಣ್ಣೆಯ ಒತ್ತಡ ಬದಲಾಗುತ್ತದೆ, ಅಲಗು ತಾನೇ ಓರೆಯಾಗುತ್ತದೆ. ಹಾರುತ್ತಲೇ ಗೇರು ಬದಲಾದಂತೆ.

ನಮ್ಮ ಬೀದರ್ ಸೀಮೆ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು. ಗಾಳಿ ತೆಳುವಾಗಿ ಎಂಜಿನ್ನಿನ ಬಲವೂ ರೆಕ್ಕೆಯ ಎತ್ತುವ ಶಕ್ತಿಯೂ ಕುಗ್ಗುತ್ತವೆ. ಪಿಚ್ ಹೆಚ್ಚಿಟ್ಟ ತಪ್ಪು ಇಂಥ ಮಧ್ಯಾಹ್ನವೇ ದುಬಾರಿಯಾಗುವುದು.

ವಿಮಾನದ ಹತ್ತಿರ ಹೋಗುವ ಅವಕಾಶ ಸಿಕ್ಕರೆ ನಿಂತ ಪ್ರೊಪೆಲ್ಲರಿಗೂ ಕೈ ಹಚ್ಚಬೇಡಿ. ಬಹಳಷ್ಟು ಪುಟ್ಟ ವಿಮಾನಗಳ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ. ಅದರ ಅರ್ಥಿಂಗ್ ತಂತಿ ಕಡಿದಿದ್ದರೆ, ಕೀಲಿ ಆಫ್ ಇದ್ದರೂ ಕೈಯಲ್ಲಿ ತುಸು ತಿರುಗಿಸಿದಷ್ಟಕ್ಕೇ ಎಂಜಿನ್ ಹೊತ್ತಿಕೊಳ್ಳಬಹುದು.