ಕಾಲೇಜಿನ ಅರ್ಜಿ ನಮ್ಮ ಮನಿ ವಿಚಾರ ಯಾಕ ಕೇಳತೈತಿ?



ಮಗಳೋ ಮಗನೋ ಪಿಯುಸಿ ಮುಗಿಸಿ ಮುಂದೆ ಓದಬೇಕೆಂದರೆ ಮೊದಲು ಒಂದು ಅರ್ಜಿ ತುಂಬಬೇಕು. ಈಗ ಅದನ್ನು ಕಂಪ್ಯೂಟರಿನಲ್ಲೇ ತುಂಬುತ್ತಾರೆ. ಅರ್ಜಿ ಹುಡುಗಿಯ ಅಂಕಗಳನ್ನಷ್ಟೇ ಕೇಳುವುದಿಲ್ಲ. ಜಾತಿ ಯಾವುದು, ಮನೆಯ ಆದಾಯ ಎಷ್ಟು, ಓದಿದ ಶಾಲೆ ಯಾವ ಊರಲ್ಲಿದೆ, ಯಾವ ಮಾಧ್ಯಮ, ಎಷ್ಟೋ ಕಡೆ ತಂದೆ-ತಾಯಿ ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದೂ ಕೇಳುತ್ತದೆ. "ಓದಾಕಿ ನಮ್ಮ ಹುಡುಗಿ, ನಮ್ಮ ಮನಿ ವಿಚಾರ ಇವರಿಗ್ಯಾಕ?" ಎಂದು ಸಂಘದ ಸಭೆಗಳಲ್ಲಿ ತಾಯಂದಿರು ನಮ್ಮನ್ನು ಕೇಳುತ್ತಾರೆ. ಕೇಳುವುದು ಸರಿಯೇ. ಈ ಪ್ರಶ್ನೆಗಳ ಅರ್ಥ ಗೊತ್ತಿಲ್ಲದೆ ಏನೋ ಒಂದು ತುಂಬಿಸಿ ಬಂದರೆ ಮಕ್ಕಳಿಗೆ ಬರಬೇಕಾದ ಸೀಟು, ವಿದ್ಯಾರ್ಥಿವೇತನ ಕೈತಪ್ಪಬಹುದು.

ಒಂದೇ ಅಂಕ, ಬೇರೆ ಬೇರೆ ಹೊಲ

ಎರಿ ಹೊಲಕ್ಕೂ ಮಸಾರಿ ಹೊಲಕ್ಕೂ ಒಂದೇ ಬೀಜ ಬಿತ್ತಿ, ಫಸಲು ಮಾತ್ರ ಒಂದೇ ಬರಲಿ ಅಂದರೆ ಬರುತ್ತದೆಯೇ? ಮಕ್ಕಳ ಓದೂ ಹಾಗೆಯೇ. ಇಬ್ಬರು ಹುಡುಗಿಯರು ಪಿಯುಸಿಯಲ್ಲಿ ಶೇ. 75 ಅಂಕ ತೆಗೆದಿದ್ದಾರೆ ಎಂದು ಇಟ್ಟುಕೊಳ್ಳಿ. ಒಬ್ಬಳು ಹುಬ್ಬಳ್ಳಿಯವಳು. ತಂದೆ ಬ್ಯಾಂಕಿನಲ್ಲಿದ್ದಾರೆ, ತಾಯಿ ಶಿಕ್ಷಕಿ, ಮನೆ ಹತ್ತಿರವೇ ಟ್ಯೂಷನ್. ಇನ್ನೊಬ್ಬಳು ನವಲಗುಂದ ತಾಲೂಕಿನ ಒಂದು ಹಳ್ಳಿಯವಳು. ಬೆಳಿಗ್ಗೆ ನೀರು ತಂದು, ಬಸ್ಸಿಗೆ ಕಾದು ಕಾಲೇಜಿಗೆ ಹೋಗುತ್ತಾಳೆ, ಸುಗ್ಗಿಯಲ್ಲಿ ತಾಯಿ ಜೊತೆ ಹತ್ತಿ ಬಿಡಿಸುತ್ತಾಳೆ. ಮನೆಯಲ್ಲಿ ಹತ್ತನೇ ತರಗತಿ ದಾಟಿದವಳು ಅವಳೇ ಮೊದಲು. ಅಂಕಪಟ್ಟಿಯಲ್ಲಿ ಇಬ್ಬರೂ ಸಮ. ಆದರೆ ಆ ಅಂಕದ ಹಿಂದಿನ ದುಡಿಮೆ ಸಮ ಅಲ್ಲ. ಅಂಕಪಟ್ಟಿ ಹೇಳದ ಈ ಮಾತನ್ನು ಅರ್ಜಿಯ ಉಳಿದ ಕಾಲಂಗಳು ಹೇಳುತ್ತವೆ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಇಂಗ್ಲೆಂಡಿನಲ್ಲೂ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ಮಕ್ಕಳಿಗೆ, ತಂದೆ-ತಾಯಿ ವಿಶ್ವವಿದ್ಯಾಲಯದಲ್ಲಿ ಓದಿದ್ದಾರೆಯೇ ಎಂದು ಕೇಳುತ್ತಾರೆ. ಮಗು ಬೆಳೆದದ್ದು ಎಂಥ ಪ್ರದೇಶದಲ್ಲಿ ಎಂದೂ ಅನೇಕ ವಿಶ್ವವಿದ್ಯಾಲಯಗಳು ನೋಡುತ್ತವೆ.

ಈ ಪ್ರಶ್ನೆಗಳು ಎಲ್ಲಿಂದ ಬಂದವು?

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಈ ಭಾಗದ ಹುಡುಗರು ಡಿಗ್ರಿ ಓದಲು ಪುಣೆ, ಮುಂಬೈಗೆ ಹೋಗಬೇಕಿತ್ತು. ಅಷ್ಟು ಖರ್ಚು ತಡೆದುಕೊಳ್ಳುವ ಮನೆಗಳು ಎಷ್ಟಿದ್ದವು? ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ 1950ರಲ್ಲಿ ಧಾರವಾಡಕ್ಕೆ ಬಂತು. ಕಾಲೇಜು ಹತ್ತಿರ ಬಂದರೂ ಹಳ್ಳಿ ಹುಡುಗರಿಗೆ ಊಟ, ವಸತಿಯ ಚಿಂತೆ ಇದ್ದೇ ಇತ್ತು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಂಥ ಉಚಿತ ವಸತಿಗಳಲ್ಲಿ ಉಂಡು ಓದಿದ ರೈತರ ಮಕ್ಕಳು ಬಹಳ. ಆದರೆ ಅವು ಹೆಚ್ಚಾಗಿ ಗಂಡುಹುಡುಗರ ವಸತಿಗಳು. ಹೆಣ್ಣುಮಕ್ಕಳ ಸರದಿ ಬರಲು ಇನ್ನೂ ಕಾಲ ಹಿಡಿಯಿತು.

1972ರಲ್ಲಿ ರಾಜ್ಯ ಸರ್ಕಾರ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿತು. ಯಾವ ಜಾತಿಯ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗುತ್ತಿದ್ದಾರೆ ಎಂದು ಆಯೋಗ ಲೆಕ್ಕ ತೆಗೆಯಿತು, ಹಳ್ಳಿಗಳಿಗೆ ಹೋಗಿ ಮನೆಗಳ ಸ್ಥಿತಿ ನೋಡಿತು. 1975ರಲ್ಲಿ ವರದಿ ಬಂತು. ದೇವರಾಜ ಅರಸು ಸರ್ಕಾರ 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿ ಆದೇಶ ಹೊರಡಿಸಿತು. ಇಂದು ಅರ್ಜಿಯಲ್ಲಿ ಕಾಣುವ ಜಾತಿ, ಆದಾಯದ ಕಾಲಂಗಳ ಹಿಂದೆ ಈ ಇತಿಹಾಸ ಇದೆ.

ಇನ್ನೂ ದೂರ ಇದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 18ರಿಂದ 23 ವಯಸ್ಸಿನವರ ಸಂಖ್ಯೆ ನೂರಿದ್ದರೆ ಕಾಲೇಜಿಗೆ ದಾಖಲಾದವರು ಸುಮಾರು 28. ಹುಡುಗಿಯರು ಹುಡುಗರಿಗಿಂತ ಹಿಂದಿಲ್ಲ ಎಂಬುದು ಸಂತೋಷದ ಮಾತು.

ಒಂದೊಂದು ಕಾಲಂ ಏನು ಹೇಳುತ್ತದೆ?

ಜಾತಿ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಬಿಟ್ಟು ಉಳಿದ ಹಿಂದುಳಿದ ವರ್ಗಗಳನ್ನು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ವಿಂಗಡಿಸಿದ್ದಾರೆ. ಕುರುಬರು 2ಎ, ಮುಸ್ಲಿಮರು 2ಬಿ, ವೀರಶೈವ ಲಿಂಗಾಯತರು 3ಬಿ. ಕ್ರೈಸ್ತರು 3ಬಿ, ಆದರೆ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1. ಒಳಪಂಗಡ ನೋಡಿ ಪ್ರವರ್ಗ ಬದಲಾಗಬಹುದು. ಆದ್ದರಿಂದ ಬಾಯಿಮಾತಿನಲ್ಲಿ ಹೇಳಬೇಡಿ, ಪ್ರಮಾಣಪತ್ರ ನೋಡಿಯೇ ತುಂಬಿಸಿ.

ಆದಾಯ: ನಮ್ಮದು ಮಳೆ ನಂಬಿದ ಭೂಮಿ. ಒಂದು ವರ್ಷ ಹೆಸರು, ಮೆಣಸಿನಕಾಯಿ ಕೈ ಹಿಡಿದರೆ ಇನ್ನೊಂದು ವರ್ಷ ಬಿತ್ತಿದ ಬೀಜದ ರೊಕ್ಕವೂ ಬರುವುದಿಲ್ಲ. ತಲಾಟಿಯವರು ವಿಚಾರಣೆಗೆ ಬಂದಾಗ "ಮಂದಿ ಮುಂದ ಬಡವರು ಅಂತ ಹೆಂಗ ಹೇಳೋದು" ಎಂದು ಮರ್ಯಾದೆಗೆ ಹೆಚ್ಚು ಹೇಳುವವರಿದ್ದಾರೆ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಇದ್ದದ್ದು ಇದ್ದ ಹಾಗೆ ಹೇಳಿ. ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ ಎರಡೂ ಈ ಅಂಕಿಯ ಮೇಲೆ ನಿಂತಿವೆ.

ಓದಿದ ಶಾಲೆಯ ಊರು: ಸಿಇಟಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮಕ್ಕಳಿಗೆ, ಶೇ. 5 ಕನ್ನಡ ಮಾಧ್ಯಮದವರಿಗೆ ಮೀಸಲು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹಾಗೆ ಓದಿರಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆಯೇ ಹಳ್ಳಿಯಲ್ಲಿರಬೇಕು. ನವಲಗುಂದ, ಅಣ್ಣಿಗೇರಿ ಪುರಸಭೆಗಳು, ಕುಂದಗೋಳ, ಕಲಘಟಗಿ ಪಟ್ಟಣ ಪಂಚಾಯತಿಗಳು. ಈ ಊರುಗಳ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದ ಹುಡುಗಿಗೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಕನ್ನಡ ಮಾಧ್ಯಮದ ಮೀಸಲಾತಿಗೆ ಮಾತ್ರ ಊರಿನ ಅಡ್ಡಿ ಇಲ್ಲ. ಚಿಕ್ಕ ಮಕ್ಕಳಿರುವ ತಾಯಂದಿರು ಶಾಲೆ ಬದಲಿಸುವ ಮುನ್ನ ಇದನ್ನು ನೆನಪಿಡಿ.

ಹೊಲ: ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ಬಿ.ಎಸ್ಸಿ. ಕೃಷಿ ಪದವಿಗೆ ಸಿಇಟಿ ಮೂಲಕ ಪ್ರವೇಶ. ರೈತರ ಮಕ್ಕಳಿಗೆಂದೇ ಸೀಟುಗಳಿವೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಬೆಳೆ, ಒಕ್ಕಲುತನದ ಸಾಮಾನು ಗುರುತಿಸುವ ನಮ್ಮ ಮಕ್ಕಳ ತಿಳಿವಳಿಕೆಗೆ ಅಲ್ಲಿ ಬೆಲೆ ಇದೆ.

ತಾಯಿಯ ಕೆಲಸ: ಈ ಜಾಗದಲ್ಲಿ "ಮನೆಗೆಲಸ" ಎಂದೋ "ಏನೂ ಇಲ್ಲ" ಎಂದೋ ಬರೆಸುತ್ತೇವೆ. ಕಳೆ ತೆಗೆಯುವವರು ಯಾರು, ಮೆಣಸಿನಕಾಯಿ ಬಿಡಿಸುವವರು ಯಾರು, ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುವವರು ಯಾರು? ಕೂಲಿ ಮಾಡುತ್ತಿದ್ದರೆ ಕೃಷಿ ಕೂಲಿ ಎಂದೇ ಬರೆಸಿ, ಹೊಲಿಗೆ ಇದ್ದರೆ ಹೊಲಿಗೆ ಎಂದು ಬರೆಸಿ. ಅದರಲ್ಲಿ ನಾಚಿಕೆ ಏನಿದೆ? ಮಗಳ ಓದು ನಡೆದಿರುವುದೇ ಆ ದುಡಿಮೆಯಿಂದ.

ಕಾಗದ ಯಾವಾಗ ಮಾಡಿಸಬೇಕು?

ಫಲಿತಾಂಶ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಸಿಇಟಿ ಅರ್ಜಿ ಪರೀಕ್ಷೆಗಿಂತ ತಿಂಗಳುಗಳ ಮೊದಲೇ ತುಂಬಬೇಕು, ಮೀಸಲಾತಿಯನ್ನು ಅದರಲ್ಲೇ ಕೇಳಬೇಕು. ಆದ್ದರಿಂದ ಎರಡನೇ ಪಿಯುಸಿಯ ದೀಪಾವಳಿ ಹೊತ್ತಿಗೆ ಇವು ಕೈಯಲ್ಲಿರಲಿ:

1. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್.ಡಿ. ನಂಬರನ್ನು ಬರೆದಿಟ್ಟುಕೊಳ್ಳಿ. ಆದಾಯ ಪತ್ರದ ಅವಧಿ ಮುಗಿದಿದ್ದರೆ ಹೊಸದು ಮಾಡಿಸಿ.
2. ಹೆಡ್‌ಮಾಸ್ತರರಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ದಾಖಲೆ. ಎರಡು-ಮೂರು ಶಾಲೆಯಲ್ಲಿ ಓದಿದ್ದರೆ ಎಲ್ಲ ಕಡೆಯದೂ ಬೇಕು.
3. ಹೊಲ ಇದ್ದವರಿಗೆ ಉತಾರ.
4. ಹುಡುಗಿಯ ಹೆಸರಿನಲ್ಲೇ ಬ್ಯಾಂಕ್ ಖಾತೆ, ಅದಕ್ಕೆ ಆಧಾರ್ ಜೋಡಣೆ. ವಿದ್ಯಾರ್ಥಿವೇತನ ಬರುವುದು ಅಲ್ಲಿಗೇ.
5. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪತ್ರ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿ. ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ತೊಂದರೆ.

ಪ್ರವೇಶ ಆದ ಮೇಲೆ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಬೇರೆ ಅರ್ಜಿ ಹಾಕಬೇಕು. ತಾನಾಗಿ ಬರುವುದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆ 2013-14ರಿಂದ ವಿದ್ಯಾಸಿರಿ ಯೋಜನೆ ಬಂದಿದೆ. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30 ಸಾವಿರ ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ಫೌಂಡೇಶನ್ ವಿದ್ಯಾರ್ಥಿವೇತನ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ ಮೇಲೆ "ಬಸ್ಸಿನ ರೊಕ್ಕ ಎಲ್ಲಿಂದ ತರೋದು" ಎಂಬ ಮಾತೂ ಉಳಿದಿಲ್ಲ.

ಸಂಘ ಏನು ಮಾಡಬಹುದು?

ವಿದ್ಯಾರ್ಥಿವೇತನ ಎಷ್ಟೋ ಸಲ ವರ್ಷದ ಕೊನೆಗೆ ಬರುತ್ತದೆ, ಶುಲ್ಕ ಮಾತ್ರ ಮೊದಲೇ ಕಟ್ಟಬೇಕು. ನಡುವಿನ ಈ ಕೆಲವು ತಿಂಗಳುಗಳಲ್ಲೇ ಅನೇಕ ಹೆಣ್ಣುಮಕ್ಕಳ ಓದು ನಿಲ್ಲುತ್ತದೆ, ಮದುವೆ ಮಾತು ಶುರುವಾಗುತ್ತದೆ. ಬೀಜ, ಗೊಬ್ಬರ, ಆಸ್ಪತ್ರೆಗೆ ಕೊಡುವ ಹಾಗೆ ಪ್ರವೇಶ ಶುಲ್ಕಕ್ಕೂ ಆಂತರಿಕ ಸಾಲ ಕೊಡುತ್ತೇವೆ ಎಂದು ಠರಾವು ಬರೆಯಿರಿ. ನಿಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳು ಎಷ್ಟು ಎಂದು ಮುಂದಿನ ಸಭೆಯಲ್ಲಿ ಪಟ್ಟಿ ಮಾಡಿ. ಯಾರ ಬಳಿ ಯಾವ ಕಾಗದ ಇದೆ, ಯಾವುದು ಇಲ್ಲ ಎಂದು ಎದುರಿಗೆ ಬರೆಯಿರಿ. ನಾಡಕಚೇರಿಗೆ ಒಬ್ಬೊಬ್ಬರೇ ಹೋಗುವ ಬದಲು ನಾಲ್ಕು ತಾಯಂದಿರು ಕೂಡಿ ಹೋಗಿ.

ಸಹಿ ಮಾಡಲು ಸಂಘದಲ್ಲಿ ಕಲಿತ ತಾಯಿ ಇಂದು ಮಗಳ ಕಾಲೇಜಿನ ಅರ್ಜಿಗೆ ಸಹಿ ಹಾಕುತ್ತಿದ್ದಾಳೆ. ಸಹಿ ಹಾಕುವ ಮುಂಚೆ ಅದರಲ್ಲಿ ಏನು ಬರೆದಿದೆ ಎಂದು ಮಗಳಿಂದ ಒಮ್ಮೆ ಪೂರ್ತಿ ಓದಿಸಿ ಕೇಳಿ.