ಕೀಲನ್ನು ಕರಗಿಸುವವರು ಯಾರು?

ಮೆಟ್ಟಿಲೇರುವಾಗ ಮಂಡಿ ಹಿಡಿದು ನಿಲ್ಲುವ ಹಿರಿಯರಿಲ್ಲದ ಮನೆ ವಿರಳ. ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಕೀಲುರೋಗಗಳಲ್ಲಿ ಕರಗುತ್ತ ಬರುತ್ತದೆ. ಅದನ್ನು ಕರಗಿಸುವವರು ಯಾರು? ನಡೆದಾಡುವ ಮನುಷ್ಯನ ಕೀಲನ್ನು ಬಿಚ್ಚಿಟ್ಟು ದಿನದಿನವೂ ನೋಡುವಂತಿಲ್ಲವಷ್ಟೆ!

ಕೀಲಿನ ತುಣುಕನ್ನೇ ಗಾಜಿನ ಬಟ್ಟಲಲ್ಲಿ ಬದುಕಿಸಿಟ್ಟು ನೋಡಿದವರು, ಕೇಂಬ್ರಿಜ್‌ನ ಸ್ಟ್ರೇಂಜ್‌ವೇಸ್ ಪ್ರಯೋಗಶಾಲೆಯನ್ನು 1929ರಿಂದ 1970ರವರೆಗೆ ನಡೆಸಿದ ಆನರ್ ಫೆಲ್ ಎಂಬ ವಿದುಷಿ. ಕೋಳಿಯ ಭ್ರೂಣದಿಂದ ತೆಗೆದ ಎಳೆಯ ಕಾಲೆಲುಬು ಆಕೆಯ ಬಟ್ಟಲಲ್ಲಿ, ರಕ್ತದ ಹರಿವಿಲ್ಲದೆ, ಪೋಷಕದ್ರವ್ಯವೊಂದನ್ನೇ ನಂಬಿ ಬೆಳೆಯಿತು. 1952ರಲ್ಲಿ ಮೆಲನ್‌ಬಿಯವರೊಡನೆ ಅಂಥ ಎಲುಬಿಗೆ ಎ ಜೀವಸತ್ವವನ್ನು ಮಿತಿಮೀರಿ ಉಣಿಸಿದಾಗ ಮೃದ್ವಸ್ಥಿ ಕರಗತೊಡಗಿತು.

ನಿಜವಾದ ಸ್ವಾರಸ್ಯ ಹೊರಬಿದ್ದುದು 1977ರಲ್ಲಿ. ಆಗ ಫೆಲ್ ಅವರಿಗೆ ಎಪ್ಪತ್ತೈದು ದಾಟಿತ್ತು! ಅವರೂ ಸಹೋದ್ಯೋಗಿ ಜಬ್ ಅವರೂ ಹಂದಿಯ ಮೃದ್ವಸ್ಥಿಯ ಸಮೀಪದಲ್ಲಿ, ಆದರೆ ಅದಕ್ಕೆ ತಾಗದಂತೆ, ಕೀಲಿನ ಒಳಪೊರೆಯನ್ನಿರಿಸಿದರು. ಜೀವಂತ ಮೃದ್ವಸ್ಥಿ ಕರಗಿತು. ಮೊದಲೇ ನಿರ್ಜೀವಗೊಳಿಸಿದ್ದುದು ಅಷ್ಟೇ ದೂರದಲ್ಲಿದ್ದರೂ ಹಾಗೆಯೇ ಉಳಿಯಿತು. ಎಂದ ಮೇಲೆ ಪೊರೆ ದೂರದಿಂದ ಕಳುಹಿದ್ದು ಬರಿಯ ಸಂದೇಶ. ಮನೆಯನ್ನು ಕೆಡವಿದವು ಮೃದ್ವಸ್ಥಿಯವೇ ಆದ ಜೀವಕೋಶಗಳು.

ಆ ಸಂದೇಶವನ್ನೊಯ್ಯುವ ವಸ್ತು ಇಂಟರ್‌ಲ್ಯೂಕಿನ್-1 ಎಂಬುದು 1980ರ ದಶಕದಲ್ಲಿ ತಿಳಿಯಿತು. ಅದನ್ನು ತಡೆಯುವ ಅನಕಿನ್ರಾ ಎಂಬ ಚುಚ್ಚುಮದ್ದಿಗೆ 2001ರಲ್ಲಿ ಅಮೆರಿಕ ರುಮಟಾಯ್ಡ್ ಸಂಧಿವಾತದ ಚಿಕಿತ್ಸೆಗಾಗಿ ಅನುಮತಿಯಿತ್ತಿತು. ಸವೆದ ಮಂಡಿಗೆ ಅದನ್ನೇ ಚುಚ್ಚಿ ನೋಡಿದ 2009ರ ಪರೀಕ್ಷೆ ಮಾತ್ರ ಫಲಕೊಡಲಿಲ್ಲ.